ಮರದ ನೆರಳಿಗೆ ಹಸಿರು ಹೊದಿಕೆ: ನೆಲದ ಮೇಲೆ ಮನಿ ಪ್ಲಾಂಟ್

ಮನೆಯಂಗಳದ ಹುಣಸೆ, ಮಾವು, ಬೇವಿನ ಮರಗಳ ಬುಡದಲ್ಲಿ ಹುಲ್ಲು ಬೆಳೆಯುವುದಿಲ್ಲ ಎಂಬುದು ಕಬ್ಬೂರ ಹಾಗೂ ಚಿಕ್ಕೋಡಿ ಸೀಮೆಯ ಊರುಗಳಿಗೆ ಹೊಸ ಸಂಗತಿಯಲ್ಲ. ಗರಿಕೆ ಬಿಸಿಲನ್ನು ಬಯಸುವ ಹುಲ್ಲು. ದಟ್ಟ ನೆರಳಿನಲ್ಲಿ ಅದು ಸೊರಗುತ್ತದೆ. ಹೀಗೆ ಬರಿದಾದ ನೆಲ ಎರೆಮಣ್ಣಿನದಾಗಿದ್ದರೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕೆಸರಾಗುತ್ತದೆ. ಇಂತಹ ಜಾಗಕ್ಕೆ ಹಸಿರು ಹೊದಿಸಬಲ್ಲ ಸಸ್ಯಗಳಲ್ಲಿ ಮನಿ ಪ್ಲಾಂಟ್ ಒಂದು. ಸಾಮಾನ್ಯವಾಗಿ ಬಾಟಲಿಯಲ್ಲೋ ಕುಂಡದಲ್ಲೋ ಕಾಣುವ ಈ ಬಳ್ಳಿ ನೆಲದ ಮೇಲೂ ಹಬ್ಬಿ ಬೆಳೆಯುತ್ತದೆ.

ಇದರ ಸಸ್ಯಶಾಸ್ತ್ರೀಯ ಹೆಸರು ಎಪಿಪ್ರೆಮ್ನಮ್ ಔರಿಯಮ್. ಮೂಲ ನೆಲೆ ಶಾಂತಸಾಗರದ ಫ್ರೆಂಚ್ ಪಾಲಿನೇಷ್ಯಾದ ಮೊರೇಯಾ ದ್ವೀಪ. ಕೆಸು ಹಾಗೂ ಸುವರ್ಣಗಡ್ಡೆಗಳ ಕುಟುಂಬಕ್ಕೇ ಸೇರಿದ್ದು. ಬಳ್ಳಿಯ ಪ್ರತಿಯೊಂದು ಗೆಣ್ಣೂ ತೇವದ ಮಣ್ಣು ತಾಗಿದೊಡನೆ ಬೇರು ಬಿಡುವುದರಿಂದ ಅದು ನೆಲವನ್ನು ಬೇಗನೆ ಆವರಿಸಿಕೊಳ್ಳುತ್ತದೆ.

ನೆಡುವ ಕ್ರಮ

ಜೂನ್–ಜುಲೈ ತಿಂಗಳು ನಾಟಿಗೆ ಸೂಕ್ತ ಕಾಲ. ಮರದ ದಪ್ಪ ಬೇರುಗಳಿಗೆ ಪೆಟ್ಟಾಗದಂತೆ ಮೇಲ್ಮಣ್ಣನ್ನು ಮೂರು–ನಾಲ್ಕು ಅಂಗುಲದಷ್ಟು ಮಾತ್ರ ಸಡಿಲಗೊಳಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಎರೆಮಣ್ಣಾದರೆ ಸ್ವಲ್ಪ ಮರಳನ್ನೂ ಸೇರಿಸುವುದು ಒಳಿತು. ನೀರು ನಿಂತರೆ ಬೇರು ಕೊಳೆಯುತ್ತದೆ. ಎರಡು–ಮೂರು ಗೆಣ್ಣುಗಳುಳ್ಳ ತುಂಡುಗಳನ್ನು ಒಂದು ಅಡಿ ಅಂತರದಲ್ಲಿ, ಕನಿಷ್ಠ ಒಂದು ಗೆಣ್ಣು ಮಣ್ಣಿನೊಳಗೆ ಇರುವಂತೆ ನೆಡಬೇಕು.

ಸಾಲುಗಳ ನಡುವೆ ಕಬ್ಬಿನ ರವದಿಯನ್ನು ತೆಳುವಾಗಿ ಹರಡಿದರೆ ತೇವ ಉಳಿಯುತ್ತದೆ, ಕಳೆಯೂ ಕಡಿಮೆಯಾಗುತ್ತದೆ. ಬೇರೂರಿದ ನಂತರ ಮಣ್ಣಿನ ಮೇಲ್ಪದರ ಒಣಗಿದಾಗ ಮಾತ್ರ ನೀರು ಸಾಕು. ಏಪ್ರಿಲ್–ಮೇ ತಿಂಗಳ ನೇರ ಬಿಸಿಲು ತಾಗಿದರೆ ಎಲೆ ಸುಡುತ್ತದೆ. ನೆರಳು ತೀರಾ ದಟ್ಟವಾದರೆ ಎಲೆಯ ಮೇಲಿನ ಹಳದಿ ಚಿತ್ತಾರ ಮಾಸಿ ಬರಿಯ ಹಸಿರು ಉಳಿಯುತ್ತದೆ. ರೆಂಬೆಗಳ ನಡುವೆ ಬೆಳಕು ಸೋಸಿ ಬರುವ ಜಾಗವೇ ಇದಕ್ಕೆ ಪ್ರಶಸ್ತ.

ಹತೋಟಿ ಅಗತ್ಯ

ನೆಲದಲ್ಲಿ ಹರಿಯುವಾಗ ಈ ಬಳ್ಳಿಯ ಎಲೆ ಚಿಕ್ಕದು. ಮರದ ಕಾಂಡ ಸಿಕ್ಕಿತೆಂದರೆ ಅದು ಮೇಲೇರತೊಡಗುತ್ತದೆ. ಏರಿದಂತೆ ಎಲೆಯ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಆದುದರಿಂದ ಕಾಂಡದ ಸುತ್ತ ಒಂದು ಅಡಿ ಜಾಗ ಖಾಲಿ ಬಿಟ್ಟು, ಆಗಾಗ ಅಂಚನ್ನು ಕತ್ತರಿಸುತ್ತಿರಬೇಕು. ದಟ್ಟ ಹೊದಿಕೆಯಲ್ಲಿ ಹಾವು, ಚೇಳುಗಳು ಅಡಗುವ ಸಂಭವವಿರುವುದರಿಂದ ಬಾಗಿಲು, ಕಾಲುದಾರಿ ಹಾಗೂ ಮಕ್ಕಳು ಆಡುವ ಜಾಗದಿಂದ ಇದನ್ನು ದೂರವಿಡುವುದು ಕ್ಷೇಮ.

ಕತ್ತರಿಸಿದ ತುಂಡುಗಳನ್ನು ಏನು ಮಾಡಬೇಕು ಎಂಬುದು ಇನ್ನೂ ಮುಖ್ಯ ಪ್ರಶ್ನೆ. ಮನಿ ಪ್ಲಾಂಟ್ ಹೂಬಿಡುವುದು ಅತ್ಯಂತ ಅಪರೂಪ. ಹೂವರಳಲು ಬೇಕಾದ ಜಿಬ್ಬೆರೆಲಿನ್ ಎಂಬ ಚೋದಕವನ್ನು ತಯಾರಿಸುವ ವಂಶವಾಹಿಯಲ್ಲಿನ ದೋಷವೇ ಇದಕ್ಕೆ ಕಾರಣವೆಂದು ಅಮೆರಿಕದ ಸಂಶೋಧಕರ ನೇತೃತ್ವದ ತಂಡ 2016ರಲ್ಲಿ ವರದಿ ಮಾಡಿತು. ಬೀಜವಿಲ್ಲದ ಈ ಬಳ್ಳಿ ಕಾಂಡದ ತುಂಡುಗಳಿಂದಲೇ ಹರಡುತ್ತದೆ. ಆದರೂ ಶ್ರೀಲಂಕಾದ ಕ್ಯಾಂಡಿ ನಗರದ ಉಡವತ್ತಕೆಲೆ ಅರಣ್ಯದಲ್ಲಿ ಇದು ಹಬ್ಬಿ ಸ್ಥಳೀಯ ಸಸ್ಯಗಳಿಗೆ ಕಂಟಕವಾಗಿದೆ. ಅಲಂಕಾರಕ್ಕೆಂದು ಭಾರತಕ್ಕೆ ತಂದ ಲಂಟಾನ ಬಂಡೀಪುರದ ಕಾಡನ್ನು ಆವರಿಸಿದ್ದು ಕರ್ನಾಟಕಕ್ಕೆ ತಿಳಿದ ಪಾಠ. ಲಂಟಾನದ ಬೀಜವನ್ನು ಹಕ್ಕಿಗಳು ಒಯ್ಯುತ್ತವೆ. ಮನಿ ಪ್ಲಾಂಟಿನ ತುಂಡುಗಳನ್ನು ಹೆಚ್ಚಾಗಿ ಒಯ್ಯುವವನು ಮನುಷ್ಯನೇ. ಹಾಗಾಗಿ ಅದನ್ನು ತಡೆಯುವುದೂ ಅವನಿಂದಲೇ ಸಾಧ್ಯ. ತುಂಡುಗಳನ್ನು ಹಳ್ಳ, ಕಾಲುವೆ, ಹೊಲದ ಬದುಗಳಲ್ಲಿ ಎಸೆಯದೆ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ನಂತರವೇ ಗೊಬ್ಬರದ ಗುಂಡಿಗೆ ಹಾಕಬೇಕು.

ಮಕ್ಕಳು, ದನಕರುಗಳ ಬಗ್ಗೆ ಎಚ್ಚರ

ಹಸಿ ಕೆಸುವಿನ ಎಲೆ ಬಾಯಿ ತುರಿಸುವುದು ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ. ಅದೇ ಹರಳುಗಳು ಮನಿ ಪ್ಲಾಂಟಿನ ಎಲೆ ಹಾಗೂ ಕಾಂಡದಲ್ಲಿಯೂ ಇವೆ. ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತವೆ. ಜೊಲ್ಲು, ವಾಂತಿ ಕಾಣಿಸಿಕೊಳ್ಳಬಹುದು. ದನ, ಆಡುಗಳನ್ನು ಕಟ್ಟುವ ಜಾಗದ ಹತ್ತಿರ ಇದನ್ನು ಬೆಳೆಸಲೇಬಾರದು. ಕತ್ತರಿಸಿದ ಬಳ್ಳಿಯನ್ನು ಮೇವಿನೊಂದಿಗೆ ಸೇರಿಸಬಾರದು. ಮಗು ಎಲೆ ಕಚ್ಚಿದ್ದು ಕಂಡರೆ ಬಾಯಿ ತೊಳೆಸಿ ವೈದ್ಯರ ಬಳಿ ಕರೆದೊಯ್ಯಬೇಕು. ರಸ ತಾಗಿ ಚರ್ಮ ತುರಿಸುವುದೂ ಉಂಟು. ಕತ್ತರಿಸುವಾಗ ಕೈಗವಸು ಧರಿಸುವುದು ಲೇಸು.

ಅಂಗಳದಲ್ಲಿ ದನಕರು ತಿರುಗಾಡುವ ಮನೆಗಳಿಗೆ ಈ ಬಳ್ಳಿ ತಕ್ಕುದಲ್ಲ. ಅಂಥಲ್ಲಿ ಮರದ ಬುಡಕ್ಕೆ ರವದಿಯ ಹೊದಿಕೆಯಷ್ಟೇ ಸಾಕು. ಬೇಲಿಯುಳ್ಳ ಕೈತೋಟಗಳಲ್ಲಿ ಮೊದಲ ವರ್ಷ ಒಂದು ಮರದ ಕೆಳಗೆ ಮಾತ್ರ ನೆಟ್ಟು, ಅದರ ಹರವನ್ನು ಗಮನಿಸಿ ಮುಂದುವರಿಯುವುದು ಉತ್ತಮ.