ಪ್ರಾಥಮಿಕ ಶಾಲಾ ಶಿಕ್ಷಕ ವೃತ್ತಿಗೆ ಯಾವ ತರಬೇತಿ?

ಪ್ರಾಥಮಿಕ ಶಾಲೆಯ ಶಿಕ್ಷಕರಾಗಬಯಸುವವರು ಪದವಿಪೂರ್ವ ಶಿಕ್ಷಣ ಮುಗಿಯುವ ಮೊದಲೇ ಮುಂದಿನ ವ್ಯಾಸಂಗವನ್ನು ನಿರ್ಧರಿಸಿಕೊಳ್ಳುವುದು ಲೇಸು. ಬಿ.ಎಡ್. ಪಡೆದರೆ ಎಲ್ಲ ತರಗತಿಗಳಿಗೂ ಅರ್ಹತೆ ದೊರೆಯುವುದೆಂಬ ನಂಬಿಕೆ ಇಂದಿಗೂ ವ್ಯಾಪಕವಾಗಿದೆ. 2018ರ ಅಧಿಸೂಚನೆಯೊಂದು ಅದಕ್ಕೆ ಅವಕಾಶ ನೀಡಿದ್ದುದು ನಿಜ. ಆದರೆ ಆ ಅಧಿಸೂಚನೆಯ ರದ್ದತಿಯನ್ನು ಸರ್ವೋಚ್ಚ ನ್ಯಾಯಾಲಯವು 2023ರ ಆಗಸ್ಟ್ 11ರಂದು ಎತ್ತಿಹಿಡಿಯಿತು. ಎಳೆಯ ಮಕ್ಕಳಿಗೆ ಅಕ್ಷರ, ಅಂಕಿಗಳನ್ನು ಕಲಿಸುವ ಬಗೆಯೇ ಬೇರೆ; ಬಿ.ಎಡ್. ಶಿಕ್ಷಣವು ಅದಕ್ಕಾಗಿ ರೂಪಿತವಾದುದಲ್ಲ. ಒಂದರಿಂದ ಐದನೆಯ ತರಗತಿಯವರೆಗೆ ಬೋಧಿಸಲು ಅದೊಂದೇ ಸಾಲದು.

ಇದಕ್ಕೆ ಸಾಮಾನ್ಯ ಮಾರ್ಗವೆಂದರೆ ಎರಡು ವರ್ಷಗಳ ಡಿ.ಎಲ್.ಎಡ್. ಡಿಪ್ಲೊಮಾ. ಕರ್ನಾಟಕದ ಹಿರಿಯರು ಟಿ.ಸಿ.ಎಚ್. ಎಂದು ಬಲ್ಲ ತರಬೇತಿಯ ಇಂದಿನ ರೂಪವಿದು. ಪ್ರವೇಶಕ್ಕೆ ಪಿ.ಯು.ಸಿ.ಯಲ್ಲಿ ಶೇ. 50 ಅಂಕಗಳಿರಬೇಕು, ಮೀಸಲು ವರ್ಗಗಳಿಗೆ ರಿಯಾಯಿತಿಯುಂಟು. ಸಂಸ್ಥೆಗೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಮಾನ್ಯತೆ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.

ಡಿಪ್ಲೊಮಾದ ಜೊತೆಗೆ ಅರ್ಹತಾ ಪರೀಕ್ಷೆಯಲ್ಲಿಯೂ ಉತ್ತೀರ್ಣರಾಗಬೇಕು. ಕೇಂದ್ರೀಯ ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊದಲನೆಯ ಪತ್ರಿಕೆಯಲ್ಲಿ 150 ಪ್ರಶ್ನೆಗಳಿದ್ದು, ಎರಡು ಭಾಷೆಗಳಿಗೆ ತಲಾ 30 ಮೀಸಲಾಗಿವೆ. ಆಯ್ದುಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡವೂ ಸೇರಿದೆಯೆಂಬುದನ್ನು ಮುಂಬಯಿ, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರು ಗಮನಿಸಬೇಕು. ಆದರೆ ರಾಜ್ಯ ಸರ್ಕಾರದ ಅಥವಾ ನಗರಪಾಲಿಕೆಯ ಶಾಲೆಗಳಿಗೆ ಆಯಾ ರಾಜ್ಯದ ಅರ್ಹತಾ ಪರೀಕ್ಷೆಯನ್ನೇ ಕೇಳುವುದುಂಟು. ನೇಮಕಾತಿ ಪ್ರಕಟಣೆಯನ್ನು ಓದಿಯೇ ಅರ್ಜಿ ಸಲ್ಲಿಸುವುದು.