ಅದು ಹಠವಲ್ಲ, ಹಸಿವು ಇರಬಹುದು

ಆಟಿಸಂ ಇರುವ ಕೆಲವು ಯುವಕ-ಯುವತಿಯರಿಗೆ ಹಸಿವಾದದ್ದೇ ತಿಳಿಯುವುದಿಲ್ಲ. ಇನ್ನು ಕೆಲವರಿಗೆ ಆಹಾರದ ವಾಸನೆ, ಬಣ್ಣ, ಮೆದುತನ ಸಹಿಸಲಾಗದೆ ಬೆರಳೆಣಿಕೆಯ ತಿನಿಸುಗಳಷ್ಟೇ ಸೇರುತ್ತವೆ. ಇದರಿಂದ ತೂಕ, ಪೋಷಣೆ ಕುಸಿದರೆ ಅದನ್ನು ‘ಆರ್ಫಿಡ್’ ಎನ್ನುತ್ತಾರೆ; ಈ ಕಾಯಿಲೆಗೆ ಹೆಸರು ಸಿಕ್ಕಿದ್ದು 2013ರಲ್ಲಿ. ತೆಳ್ಳಗಾಗುವ ಆಸೆ ಇದಕ್ಕೆ ಕಾರಣವಲ್ಲ.

ಬಹಳ ಹೊತ್ತು ತಿನ್ನದೆ ರಕ್ತದ ಸಕ್ಕರೆ ಇಳಿದರೆ (ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆ) ಕೈನಡುಕ, ಬೆವರು, ಸಿಡುಕು, ಗೊಂದಲ ಕಾಣಿಸಬಹುದು. ನಾವು ಅದನ್ನು ಹಠವೆಂದುಕೊಳ್ಳುತ್ತೇವೆ. ಎಚ್ಚರವಿದ್ದರೆ 3 ಚಮಚ ಸಕ್ಕರೆ ಕರಗಿಸಿದ ನೀರು ಕುಡಿಸಿ. 15 ನಿಮಿಷದ ಬಳಿಕ ಅವರಿಗೆ ಒಗ್ಗುವ ತಿಂಡಿ ಕೊಡಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಅಂಥ ಸಹಪಾಠಿಯನ್ನು “ಹಸಿವಾಗಿದೆಯಾ?” ಎಂದು ಕೇಳುವ ಬದಲು “ಊಟದ ಹೊತ್ತಾಯಿತು, ಬಾ” ಎಂದು ಕರೆಯಿರಿ.