ಲೆಕ್ಕಕ್ಕೆ ಸಾಕ್ಷಿ ಯಾವುದು?

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಹಿರಿಯರ ಮಾತು. ಕಾಣದುದನ್ನು ಲೆಕ್ಕದಿಂದಲೇ ಅರಿಯಬೇಕಾದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಪರಮಾಣು ವಿದ್ಯುತ್ ಸ್ಥಾವರದಲ್ಲಿ ಅವಘಡವಾದರೆ ಏನಾಗುವುದೆಂದು ತಿಳಿಯಲು ಅವಘಡವನ್ನೇ ಮಾಡಿ ನೋಡಲಾಗದು. ಆದ್ದರಿಂದ ಸ್ಥಾವರದ ನಡವಳಿಕೆಯನ್ನು ಸಮೀಕರಣಗಳಲ್ಲಿ ಬರೆದು, ಆ ಗಣಿತ ಪ್ರತಿರೂಪವನ್ನು ಗಣಕಯಂತ್ರದಲ್ಲಿ ನಡೆಸಿ ನೋಡುತ್ತಾರೆ. ಸುತ್ತಲಿನ ಜನರ ಆರೋಗ್ಯ ಈ ಲೆಕ್ಕವನ್ನೂ ಅವಲಂಬಿಸಿದೆ. ಆದರೆ ಲೆಕ್ಕವೇ ತಪ್ಪಿದ್ದರೆ? ಅದನ್ನು ತಿಕ್ಕಿ ನೋಡುವ ಒರೆಗಲ್ಲು ಯಾವುದು?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪೀಚ್ ಬಾಟಮ್ ಸ್ಥಾವರ ಇದಕ್ಕೊಂದು ನಿದರ್ಶನ. ಮುಂಬಯಿಯ ಉತ್ತರಕ್ಕಿರುವ ತಾರಾಪುರದಲ್ಲಿ 1969ರಲ್ಲಿ ಕಾರ್ಯಾರಂಭ ಮಾಡಿದ ಎರಡು ಘಟಕಗಳಂತೆ ಅಲ್ಲಿಯದೂ ಕುದಿನೀರಿನ ರಿಯಾಕ್ಟರು. ಅದರ ಎರಡನೆಯ ಘಟಕದಲ್ಲಿ 1977ರ ಏಪ್ರಿಲ್ ತಿಂಗಳಲ್ಲಿ, ಟರ್ಬೈನಿಗೆ ಹೋಗುವ ಉಗಿಯನ್ನು ಥಟ್ಟನೆ ತಡೆದು ಮೂರು ಪರೀಕ್ಷೆಗಳನ್ನು ನಡೆಸಲಾಯಿತು. ಕವಾಟ ಮುಚ್ಚಿದೊಡನೆ ಒತ್ತಡದ ಅಲೆಯೊಂದು ರಿಯಾಕ್ಟರಿನತ್ತ ಹಿಂದಿರುಗುತ್ತದೆ. ನೀರಿನಲ್ಲಿರುವ ಉಗಿಗುಳ್ಳೆಗಳು ಕುಗ್ಗುತ್ತವೆ. ಸಾಂದ್ರವಾದ ನೀರು ನ್ಯೂಟ್ರಾನುಗಳ ವೇಗವನ್ನು ಹೆಚ್ಚಾಗಿ ತಗ್ಗಿಸುವುದರಿಂದ ವಿದಳನ ಹೆಚ್ಚಿ, ಒಂದು ಸೆಕೆಂಡಿನೊಳಗೇ ಶಕ್ತಿ ಮೇಲಕ್ಕೆ ಚಿಮ್ಮುತ್ತದೆ. ನಿಯಂತ್ರಣ ದಂಡಗಳು ಒಳಸೇರಿ ಅದನ್ನು ಅಡಗಿಸುತ್ತವೆ. ಈ ಏರಿಳಿತಗಳೆಲ್ಲ ಉಪಕರಣಗಳಲ್ಲಿ ದಾಖಲಾದವು.

ಪೂರ್ಣ ಸಾಮರ್ಥ್ಯದ ಶೇ. 61.6ರಲ್ಲಿ ಆರಂಭವಾದ ಎರಡನೆಯ ಪರೀಕ್ಷೆಯ ದಾಖಲೆಯನ್ನು, ಅಮೆರಿಕದ ಪರಮಾಣು ನಿಯಂತ್ರಣ ಆಯೋಗವೂ ಒ.ಇ.ಸಿ.ಡಿ. ಸಂಸ್ಥೆಯೂ ಕೂಡಿ ಮುಂದೆ ಹಲವು ದೇಶಗಳ ತಜ್ಞರ ಮುಂದೆ ಮಾನದಂಡವಾಗಿ ಇಟ್ಟವು. ತುಲನೆಗೆ ಮೂರು ಹಂತಗಳು. ಮೊದಲನೆಯದರಲ್ಲಿ ಶಕ್ತಿಯ ಏರಿಳಿತವನ್ನು ಕೊಟ್ಟು, ಸ್ಥಾವರದ ಒತ್ತಡ ಮತ್ತು ಹರಿವುಗಳನ್ನು ಲೆಕ್ಕಹಾಕಿಸಲಾಯಿತು. ಎರಡನೆಯದರಲ್ಲಿ ರಿಯಾಕ್ಟರಿನ ಗರ್ಭಕ್ಕೆ ಸೇರುವ ನೀರಿನ ಸ್ಥಿತಿ, ಒತ್ತಡಗಳನ್ನು ಕೊಟ್ಟು ಶಕ್ತಿಯನ್ನು ಕೇಳಲಾಯಿತು. ಮೂರನೆಯದರಲ್ಲಿ ಎಲ್ಲವೂ ಒಟ್ಟಿಗೆ. ಹೀಗೆ ಬಿಡಿಸಿ ನೋಡದಿದ್ದರೆ ಒಂದರ ತಪ್ಪು ಇನ್ನೊಂದರ ತಪ್ಪನ್ನು ಮುಚ್ಚಿ, ಕೊನೆಯ ಉತ್ತರ ಮಾತ್ರ ಸರಿಯಾಗಿ ಕಾಣಬಹುದು.

ಇನ್ನೂ ಕೆಲವು ಎಚ್ಚರಿಕೆಗಳು ಅವಶ್ಯ. ದಾಖಲೆಗೆ ಹೊಂದುವಂತೆ ಸಮೀಕರಣದ ಅಂಕೆಗಳನ್ನು ತಿದ್ದಿ, ಮತ್ತೆ ಅದೇ ದಾಖಲೆಯನ್ನು ಸಾಕ್ಷಿಯಾಗಿ ತೋರಿಸುವುದು ಉತ್ತರ ನೋಡಿ ಪರೀಕ್ಷೆ ಬರೆದಂತೆ. ತಿದ್ದಲು ಬಳಸದೆ ಬದಿಗಿರಿಸಿದ ದಾಖಲೆಯೇ ನಿಜವಾದ ಪರೀಕ್ಷಕ. ಅಳೆಯುವ ಉಪಕರಣಗಳಿಗೂ ದೋಷವುಂಟು. ಆದುದರಿಂದ ಲೆಕ್ಕಕ್ಕೂ ಅಳತೆಗೂ ಇರುವ ಅಂತರವನ್ನು ಆ ದೋಷದ ಮಿತಿಯೊಡನೆ ತೂಗಬೇಕು.

ನಿಯಂತ್ರಣ ದಂಡಗಳು ಒಳಸೇರದೆಹೋದರೆ ಎಂಬ ಕಲ್ಪಿತ ಸನ್ನಿವೇಶವನ್ನೂ ತಜ್ಞರ ಮುಂದಿಡಲಾಗಿತ್ತು. ಅದಕ್ಕೆ ಸ್ಥಾವರದ ದಾಖಲೆಯಿಲ್ಲ. ಲೆಕ್ಕವನ್ನು ಲೆಕ್ಕದೊಡನೆ ಹೋಲಿಸಬಹುದಷ್ಟೆ. ಹತ್ತು ಲೆಕ್ಕಗಳು ಒಂದೇ ಉತ್ತರ ಕೊಟ್ಟರೂ ಅದು ಸಾಕ್ಷಿಯಾಗದು. ಹತ್ತರಲ್ಲಿಯೂ ಒಂದೇ ತಪ್ಪಿರಬಹುದು. ಪ್ರಮಾಣಿಸಿದ ಎಲ್ಲೆ ಎಲ್ಲಿ ಮುಗಿಯಿತೆಂದು ತಿಳಿಸುವ ಲೆಕ್ಕವೇ ನಂಬಿಕೆಗೆ ಅರ್ಹವಾದುದು.